ಮಗಳನ್ನು ಯಾರಿಗೆ ತೋರಿಸಬೇಕು?

ಹೊಟ್ಟೆನೋವು ಎಂದು ಶಾಲೆಗೆ ಹೋಗಲೊಲ್ಲದ ಮಗಳನ್ನು ಇಲ್ಲಿ ಅಮೆರಿಕದಲ್ಲಿ ಯಾರಿಗೆ ತೋರಿಸಬೇಕು ಎಂಬ ನಿಮ್ಮ ಪ್ರಶ್ನೆ ಓದಿದಾಗ ಎರಡು ವರ್ಷದ ಹಿಂದಿನ ನಮ್ಮ ಮನೆಯ ಬೆಳಗುಗಳು ಕಣ್ಣ ಮುಂದೆ ಬಂದವು. 13 ವರ್ಷದ ಮಗಳು ಒಂದು ಕಾಲಿಗೆ ಶೂ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಬಾಗಿಲ ಬಳಿ ಕುಳಿತುಬಿಡುತ್ತಿದ್ದಳು. ಹೊಟ್ಟೆನೋವು ಎನ್ನುತ್ತಿದ್ದಳು. ಶನಿವಾರ, ಭಾನುವಾರ ಆ ನೋವು ಇರುತ್ತಿರಲಿಲ್ಲ. ಊರಿನಿಂದ ಅಮ್ಮ ದೃಷ್ಟಿ ತೆಗೆಯಲು ಹೇಳಿದರು, ಅದನ್ನೂ ಮಾಡಿದೆ.

ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಹೆಚ್ಚು ಓದಿದವರೇ ದೊಡ್ಡ ಡಾಕ್ಟರು ಎಂದು ನೇರವಾಗಿ ಸೈಕಿಯಾಟ್ರಿಸ್ಟರನ್ನೇ (ಮನೋವೈದ್ಯರನ್ನೇ) ಹುಡುಕಿ ಹತ್ತು ವಾರ ಕಾದೆವು. ಅವರು ಮಗಳನ್ನು ಮಾತನಾಡಿಸಿ, ಇವಳಿಗೆ ಈಗ ಬೇಕಿರುವುದು ಮಾತ್ರೆಯಲ್ಲ, ಥೆರಪಿ, ಅಂದರೆ ಮಾತುಕತೆಯ ಚಿಕಿತ್ಸೆ ಎಂದರು. ಹತ್ತು ವಾರದ ಶಾಲೆ ಅಷ್ಟರಲ್ಲಿ ಹೋಗಿತ್ತು.

ಸೈಕಿಯಾಟ್ರಿಸ್ಟ್ ಎಂದರೆ ವೈದ್ಯಕೀಯ ಓದಿ, ಆಮೇಲೆ ನಾಲ್ಕು ವರ್ಷ ರೆಸಿಡೆನ್ಸಿ (ಆಸ್ಪತ್ರೆಯ ತರಬೇತಿ) ಮುಗಿಸಿದವರು. ಮಗು ನಿದ್ದೆ, ಊಟ ಬಿಟ್ಟಿದ್ದರೆ, ಇಲ್ಲದ ಧ್ವನಿ ಕೇಳಿಸುತ್ತಿದ್ದರೆ ಅವರೇ ಬೇಕು, ತಡ ಮಾಡಬಾರದು. ಪರವಾನಗಿ ಇರುವ ಸೈಕಾಲಜಿಸ್ಟರು (ಮನಶ್ಶಾಸ್ತ್ರಜ್ಞರು) ಡಾಕ್ಟರೇಟ್ ಪಡೆದವರು. ಎಡಿಎಚ್‌ಡಿ (ಗಮನ ನಿಲ್ಲದ ತೊಂದರೆ), ಆಟಿಸಂ, ಕಲಿಕೆಯ ತೊಂದರೆ ಇದೆಯೇ ಎಂದು ಗಂಟೆಗಟ್ಟಲೆ ಪರೀಕ್ಷಿಸಿ ವರದಿ ಕೊಡುವವರು ಅವರು. ನಮ್ಮ ಕ್ಯಾಲಿಫೋರ್ನಿಯದಲ್ಲಿ ಅವರು ಔಷಧಿ ಬರೆಯುವಂತಿಲ್ಲ. ಖಾಸಗಿಯಾಗಿ ಈ ಪರೀಕ್ಷೆ ದುಬಾರಿ; ಶಾಲೆಗೆ ಬರವಣಿಗೆಯಲ್ಲಿ ಮನವಿ ಕೊಟ್ಟು, ಅಗತ್ಯವಿದೆ ಎಂದು ಅವರು ಒಪ್ಪಿದರೆ ಶಾಲೆಯ ಸೈಕಾಲಜಿಸ್ಟರೇ ಉಚಿತವಾಗಿ ಮಾಡುತ್ತಾರೆ.

ವಾರವಾರವೂ ಎದುರು ಕುಳಿತು ಕೆಲಸ ಮಾಡುವವರು ಬಹುಪಾಲು ಎಲ್‌ಎಂಎಫ್‌ಟಿ (ವಿವಾಹ ಮತ್ತು ಕುಟುಂಬ ಥೆರಪಿಸ್ಟ್), ಎಲ್‌ಸಿಎಸ್‌ಡಬ್ಲ್ಯು (ಕ್ಲಿನಿಕಲ್ ಸೋಷಿಯಲ್ ವರ್ಕರ್) ಪರವಾನಗಿಯ ಥೆರಪಿಸ್ಟರು. ಬರೀ ಮಾಸ್ಟರ್ಸ್ ಎಂದು ನಮ್ಮವರು ಮೂಗು ಮುರಿಯುವುದನ್ನು ಕೇಳಿದ್ದೇನೆ, ನನಗೆ ನೋವಾಗುತ್ತದೆ. ಇಲ್ಲಿ ಆ ಪರವಾನಗಿಗೆ 3,000 ಗಂಟೆ ಮೇಲ್ವಿಚಾರಣೆಯಲ್ಲಿ ದುಡಿದಿರಬೇಕು. ನನ್ನ ಮಗಳನ್ನು ಮತ್ತೆ ಶಾಲೆಗೆ ಸೇರಿಸಿದವರು ಅಂಥವರೊಬ್ಬರು. ಮೊದಲ ವಾರ ಶಾಲೆಯ ಪಾರ್ಕಿಂಗ್‌ವರೆಗೆ ಹೋಗಿ ಹತ್ತು ನಿಮಿಷ ಕಾರಿನಲ್ಲಿ ಕುಳಿತು ಬರುವುದು, ಅಷ್ಟೇ. ಮುಂದಿನ ವಾರ ಗ್ರಂಥಾಲಯದಲ್ಲಿ ಅರ್ಧ ಗಂಟೆ. ಆಮೇಲೆ ಅವಳಿಗೆ ಇಷ್ಟವಾದ ಚಿತ್ರಕಲೆಯ ಒಂದೇ ತರಗತಿ. ಭಯ ತಾನಾಗಿ ಇಳಿಯುವವರೆಗೆ ಅಲ್ಲೇ ಇರಬೇಕು, ಓಡಿಬರಬಾರದು ಎಂಬುದೊಂದೇ ನಿಯಮ.

ಕನ್ನಡದಲ್ಲೇ ಮಾತನಾಡಲಿ ಎಂದು ಬೆಂಗಳೂರಿನವರೊಂದಿಗೆ ವಿಡಿಯೊ ಕರೆ ಮಾಡಿಸುವ ಯೋಚನೆ ನಿಮಗಿದೆ ಎಂದಿರಿ. ಮಗು ಇರುವ ರಾಜ್ಯದ ಪರವಾನಗಿ ಅವರಿಗೆ ಇರಬೇಕು, ಸಾಮಾನ್ಯವಾಗಿ ಇರುವುದಿಲ್ಲ. ಲೈಫ್ ಕೋಚ್ ಎಂದು ಹೇಳಿಕೊಳ್ಳಲು ಯಾವ ಪರವಾನಗಿಯೂ ಬೇಕಿಲ್ಲ, ಅದೂ ನೆನಪಿರಲಿ. ಯಾರೇ ಆಗಲಿ, ಹೆಸರನ್ನು ಪರವಾನಗಿ ಕೊಡುವ ರಾಜ್ಯ ಮಂಡಳಿಯ ಜಾಲತಾಣದಲ್ಲಿ ಹಾಕಿ ನೋಡಿ.

ನಾಳೆ ಮೊದಲು ನಿಮ್ಮ ಮಕ್ಕಳ ವೈದ್ಯರಿಗೆ ಫೋನ್ ಮಾಡಿ. ಹೊಟ್ಟೆನೋವಿಗೆ ಬೇರೆ ಕಾರಣವಿದೆಯೇ ಎಂದು ನೋಡಿ, ಯಾರ ಬಳಿ ಹೋಗಬೇಕೆಂದು ಅವರೇ ಹೇಳುತ್ತಾರೆ. ಅವಳು ಸಾಯುವ ಮಾತನ್ನಾಡಿದರೆ ಮಾತ್ರ ಯಾರನ್ನೂ ಹುಡುಕುತ್ತಾ ಕೂರಬೇಡಿ. ಆ ಕ್ಷಣವೇ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಕರೆ ಮಾಡಿ, ಅಪಾಯ ಕಣ್ಣೆದುರಿಗಿದ್ದರೆ ತುರ್ತು ಸೇವೆಯ 911.

ನನ್ನ ಮಗಳು ಥೆರಪಿಸ್ಟರನ್ನು ಕೇಳಿದ್ದು ಒಂದೇ: ನಾನು ಹೇಳಿದ್ದನ್ನು ಅಮ್ಮನಿಗೆ ಹೇಳುತ್ತೀರಾ? ಜೀವಕ್ಕೆ ಅಪಾಯವಿಲ್ಲದಿದ್ದರೆ ಹೇಳುವುದಿಲ್ಲ ಎಂದರು. ನಾನೂ ಒಪ್ಪಿದೆ. ಪ್ರತಿ ಮಂಗಳವಾರ ಐವತ್ತು ನಿಮಿಷ ಹೊರಗೆ ಕಾರಿನಲ್ಲಿ ಕುಳಿತಿರುತ್ತಿದ್ದೆ. ಒಳಗೆ ಅವಳು ಏನು ಹೇಳಿದಳೋ ಇವತ್ತಿಗೂ ನನಗೆ ಗೊತ್ತಿಲ್ಲ.