ಸಹಾಯ ಬೇಕು: ಪೆರ್ಲ ಕಡೆಯ ಸಂಜೆ ಬಸ್ಸಿಗೆ ಅರ್ಜಿ

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ ಪೇಟೆಯಿಂದ ಒಳಗಿರುವ ನಮ್ಮ ಊರಿಗೆ ಸಂಜೆ ಬರುತ್ತಿದ್ದ ಒಂದೇ ಖಾಸಗಿ ಬಸ್ಸು ಈಗ ಬರುತ್ತಿಲ್ಲ. ಬದಿಯಡ್ಕದಲ್ಲಿ ಓದುವ ಮಕ್ಕಳು, ಕಟ್ಟಿದ ಬೀಡಿ ಕೊಡಲು ಬೀಡಿ ಬ್ರಾಂಚಿಗೆ ಹೋಗಿಬರುವ ಹೆಂಗಸರು ಎಲ್ಲರೂ ರಿಕ್ಷಾವನ್ನೇ ನಂಬಬೇಕಾಗಿದೆ. ಬಸ್ಸಿನಲ್ಲಿ ಮಕ್ಕಳಿಗೆ ರಿಯಾಯಿತಿ ದರವಿತ್ತು. ರಿಕ್ಷಾದವರಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಖಾಸಗಿ ಬಸ್ಸಿನ ಪರ್ಮಿಟ್ ಮತ್ತು ವೇಳಾಪಟ್ಟಿ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಕೈಯಲ್ಲಿದೆ. ಹಾಗಾಗಿ ಮೊದಲ ಅರ್ಜಿ ಅಲ್ಲಿಗೇ. ಇನ್ನೊಂದು ದಾರಿ, 2022ರಲ್ಲಿ ಕೇರಳದಲ್ಲಿ ಆರಂಭವಾದ ‘ಗ್ರಾಮವಂಡಿ’ ಯೋಜನೆ: ಡೀಸೆಲ್ ಖರ್ಚು ಪಂಚಾಯತಿನದು ಅಥವಾ ಪ್ರಾಯೋಜಕರದು, ಬಸ್ಸು ಮತ್ತು ಸಿಬ್ಬಂದಿ ಸರಕಾರಿ ಸಾರಿಗೆ ನಿಗಮದ್ದು. ನಮ್ಮಂತಹ ಗುಡ್ಡದ ದಾರಿಗೆ ಇದೇ ಹೆಚ್ಚು ಹೊಂದುತ್ತದೆ ಎಂದು ನನ್ನ ಅಭಿಪ್ರಾಯ. ಲಾಭವಿಲ್ಲವೆಂದು ಬಸ್ಸು ನಿಲ್ಲಿಸುವ ಮಾಲೀಕರನ್ನು ಎಷ್ಟು ಸಲ ಬೇಡಿಕೊಳ್ಳುವುದು?

ಈ ಯೋಜನೆಗಾಗಿ ಓಡಾಡಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಗ್ರಾಮಸಭೆಯ ನಿರ್ಣಯ ಸಾಕೇ, ಪ್ರಯಾಣಿಕರ ಸಹಿ ಸಂಗ್ರಹವೂ ಬೇಕೇ? ಡೀಸೆಲ್ ಖರ್ಚಿಗೆ ಪ್ರಾಯೋಜಕರು ಸಿಕ್ಕಿದ್ದು ಹೇಗೆ?

ಅರ್ಜಿಯನ್ನು ಕನ್ನಡದಲ್ಲೇ ಬರೆದಿದ್ದೇನೆ; ಸಂವಿಧಾನದ 350ನೇ ವಿಧಿ ಅದಕ್ಕೆ ಅವಕಾಶ ಕೊಟ್ಟಿದೆ. ಆದರೂ ಕಡತ ಬೇಗ ಸಾಗಲೆಂದು ಮಲಯಾಳ ಪ್ರತಿಯನ್ನೂ ಲಗತ್ತಿಸುವ ಯೋಚನೆಯಿದೆ. ಕಚೇರಿಯ ಮಲಯಾಳ ಚೆನ್ನಾಗಿ ಬಲ್ಲವರು ಒಂದು ಪುಟ ಬರೆದುಕೊಡಬಹುದೇ?

ಗಡಿಯ ಅಡ್ಕಸ್ಥಳ ದಾಟಿ ಕರ್ನಾಟಕದ ವಿಟ್ಲಕ್ಕೆ ಬಸ್ಸು ಕೇಳಿ ಎಂದು ಕೆಲವರು ಹೇಳುತ್ತಿದ್ದಾರೆ. ಅದಕ್ಕೆ ಎರಡೂ ರಾಜ್ಯಗಳ ಒಪ್ಪಿಗೆ ಬೇಕು, ಈ ಅರ್ಜಿಯಲ್ಲಿ ಅದನ್ನು ಸೇರಿಸುವುದಿಲ್ಲ.