ಉಣ್ಣಿ ಜ್ವರದ ಗುಳಿಗೆ: ನಮ್ಮ ನಾಯಿ ಪೇಡೆ ತಿಂದು ಗುಳಿಗೆ ಉಗುಳುತ್ತಾಳೆ, ಬರಿ ಹೊಟ್ಟೆಗೆ ಕೊಟ್ಟರೆ ವಾಂತಿ (ಧಾರವಾಡ)

ಕೆಂಚಿ ಮನೆ, ಸಪ್ತಾಪುರ

ಎಲ್ಲರಿಗೂ ನಮಸ್ಕಾರ ರೀ. ನಮ್ಮ ಕೆಂಚಿ ಮುಧೋಳ ನಾಯಿ. ನಾಲ್ಕು ವರ್ಷ, ತೂಕ 22 ಕೆಜಿ. ಊಟ ಬಿಟ್ಟು ಮಲಗಿದ್ದಳು, ರಕ್ತ ಪರೀಕ್ಷೆ ಮಾಡಿಸಿದಾಗ ಉಣ್ಣಿ ಜ್ವರ ಅಂತ ಗೊತ್ತಾಯಿತು. ಡಾಕ್ಟರ್ 28 ದಿನ ಡಾಕ್ಸಿಸೈಕ್ಲಿನ್ ಗುಳಿಗೆ ಬರೆದಿದ್ದಾರೆ. ಜೊತೆಗೆ ಕಬ್ಬಿಣಾಂಶದ ಟಾನಿಕ್, ಹೊಟ್ಟೆಗೆ ಪ್ಯಾಂಟೊಪ್ರಜೋಲ್.

ಮೊದಮೊದಲು ಪೇಡೆಯೊಳಗೆ ಇಟ್ಟು ಕೊಟ್ಟರೆ ನುಂಗುತ್ತಿದ್ದಳು. ಈಗ ಪೇಡೆ ತಿಂದು ಗುಳಿಗೆ ಮಾತ್ರ ಉಗುಳುತ್ತಾಳೆ. ಪುಡಿ ಮಾಡಿ ಮೊಸರನ್ನದಲ್ಲಿ ಕಲಸಿದರೆ ಮೂಸಿ ನೋಡಿ ಎದ್ದು ಹೋಗುತ್ತಾಳೆ. ಬೆಳಿಗ್ಗೆ ಬರಿ ಹೊಟ್ಟೆಗೆ ಬಾಯಿ ತೆರೆದು ಹಾಕಿದರೆ ಹಳದಿ ನೀರು ವಾಂತಿ. ನಮ್ಮಲ್ಲಿ ಮಾಂಸ, ಮೊಟ್ಟೆ ಇಲ್ಲ. ಟಾನಿಕ್, ಗುಳಿಗೆ ಎಲ್ಲಾ ಒಟ್ಟಿಗೆ ಹಾಲಲ್ಲಿ ಕದಡಿ ಕುಡಿಸು ಅಂತಾರೆ ಅತ್ತೆ. ಮೈ ಇನ್ನೂ ಬೆಚ್ಚಗಿದೆ. ನಾವು ತಗೊಳ್ಳುವ ಪ್ಯಾರಾಸಿಟಮಾಲ್ ಅರ್ಧ ಕೊಡಬಹುದಾ?

ಕೇಶ್ವಾಪುರ ಕಾಕಾ

ತಂಗಿ, ಪ್ಯಾರಾಸಿಟಮಾಲ್ ಬೇಡವೇ ಬೇಡ, ಅದು ನಾಯಿಯ ಲಿವರಿಗೆ ಪೆಟ್ಟು ಕೊಡಬಹುದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಬೇಡ. ಉಣ್ಣಿ ಜ್ವರದಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಮೊದಲೇ ಇಳಿದಿರುತ್ತದೆ. ಅದರ ಮೇಲೆ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಗುಳಿಗೆ ಬಿದ್ದರೆ ಹೊಟ್ಟೆಯೊಳಗೆ ರಕ್ತ ಸೋರಬಹುದು. ಡಾಕ್ಸಿಸೈಕ್ಲಿನ್ ಸರಿಯಾಗಿ ಹೊಟ್ಟೆ ಸೇರಿದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲೇ ಜ್ವರ ಇಳಿಯಲು ಶುರುವಾಗುತ್ತದೆ. ಇಳಿದಿಲ್ಲ ಅಂದರೆ ಗುಳಿಗೆ ಪೂರ್ತಿ ಸೇರುತ್ತಿಲ್ಲ, ಇಲ್ಲವೇ ಬೇರೆ ಏನೋ ಇದೆ. ಇವತ್ತೇ ಡಾಕ್ಟರಿಗೆ ಫೋನ್ ಮಾಡು. ಎಷ್ಟು ಸಲ ಉಗುಳಿದಳು, ಎಷ್ಟು ಸಲ ವಾಂತಿ ಆಯಿತು, ಎಲ್ಲಾ ಹೇಳು.

ಮೂಗಿನಲ್ಲಿ, ಒಸಡಿನಲ್ಲಿ ರಕ್ತ ಕಂಡರೆ, ಮಲ ಕಪ್ಪಗಾದರೆ, ಒಸಡು ಬೆಳ್ಳಗಾದರೆ ಫೋನ್ ಮಾಡುತ್ತಾ ಕೂರಬೇಡ, ಎತ್ತಿಕೊಂಡು ಹೋಗು.

ಗದಗ ಔಷಧ ಅಂಗಡಿ

ಅಕ್ಕಾ, ನಾನು ದಿನಾ ಔಷಧ ಕೊಡುವವನು, ಡಾಕ್ಟರ್ ಅಲ್ಲ. ಆದರೆ ನೀವು ಬರೆದದ್ದರಲ್ಲಿ ಒಂದು ವಿಷಯ ನನಗೆ ಎದ್ದು ಕಾಣುತ್ತಿದೆ. ಪೇಡೆ, ಮೊಸರು, ಹಾಲು ಮೂರೂ ಹಾಲಿನವೇ. ಹಾಲಿನ ಸುಣ್ಣದ ಅಂಶ ಡಾಕ್ಸಿಸೈಕ್ಲಿನ್‌ಗೆ ಅಂಟಿಕೊಳ್ಳುತ್ತದೆ. ಆಗ ಔಷಧ ಪೂರ್ತಿ ರಕ್ತಕ್ಕೆ ಸೇರುವುದಿಲ್ಲ. ಕಬ್ಬಿಣದ ಟಾನಿಕ್ ಇನ್ನೂ ಜೋರಾಗಿ ಹಿಡಿದುಕೊಳ್ಳುತ್ತದೆ. ಅತ್ತೆಯವರು ಹೇಳಿದ ಹಾಗೆ ಎಲ್ಲಾ ಒಟ್ಟಿಗೆ ಕದಡಿದರೆ ಗುಳಿಗೆಯೂ ದಂಡ, ಟಾನಿಕ್ಕೂ ದಂಡ. ಡಾಕ್ಸಿಸೈಕ್ಲಿನ್ ಕೊಟ್ಟು ಕನಿಷ್ಠ ಎರಡು ಮೂರು ಗಂಟೆ ಬಿಟ್ಟು ಟಾನಿಕ್ ಕೊಡಿ. ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಆದರೆ ಇನ್ನೂ ಒಳ್ಳೆಯದು. ಯಾವುದು ಯಾವಾಗ ಅಂತ ಡಾಕ್ಟರ್ ಹತ್ತಿರ ಚೀಟಿಯ ಮೇಲೇ ಬರೆಸಿಕೊಳ್ಳಿ.

ಬರಿ ಹೊಟ್ಟೆಗೆ ಡಾಕ್ಸಿಸೈಕ್ಲಿನ್ ಹಾಕಿದರೆ ಮನುಷ್ಯರಿಗೇ ವಾಂತಿ ಬರುತ್ತದೆ. ಹಾಲಿಲ್ಲದ ಊಟ ಸ್ವಲ್ಪ ತಿನ್ನಿಸಿ, ಆಮೇಲೆ ಗುಳಿಗೆ ಕೊಡಿ, ಮೇಲಿಂದ ಮತ್ತೆ ಎರಡು ತುತ್ತು. ಪ್ಯಾಂಟೊಪ್ರಜೋಲ್ ಮಾತ್ರ ಊಟಕ್ಕೆ ಅರ್ಧ ಗಂಟೆ ಮೊದಲು. ಅದನ್ನು ಪುಡಿ ಮಾಡಬೇಡಿ. ಹೊಟ್ಟೆಯ ಆಮ್ಲದಲ್ಲಿ ಕೆಡಬಾರದು ಅಂತಲೇ ಅದಕ್ಕೆ ಮೇಲೊಂದು ಪದರ ಹಾಕಿರುತ್ತಾರೆ.

ಕೆಂಚಿ ಮನೆ, ಸಪ್ತಾಪುರ

ಹಾಲಿನ ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ, ಅವರೂ ಹಾಲು ಬಿಡಿಸಿ ಅಂದರು. ಟಾನಿಕ್ ಸಂಜೆಗೆ ಹಾಕಿದ್ದಾರೆ, ನಾಳೆ ಮತ್ತೆ ರಕ್ತ ಪರೀಕ್ಷೆ. ಆದರೆ ಪೇಡೆ, ಮೊಸರು ಇಲ್ಲದೆ ನುಂಗಿಸುವುದು ಹೇಗೆ ಕಾಕಾ? ಬಾಯಿಗೆ ಕೈ ಹಾಕಲು ನನ್ನ ಮಗ ಹೆದರುತ್ತಾನೆ.

ಕೇಶ್ವಾಪುರ ಕಾಕಾ

ನಮ್ಮದೂ ಸಸ್ಯಾಹಾರಿ ಮನೆ. ಮೂರು ನಾಯಿಗಳಿಗೆ ಈ ಜ್ವರ ಬಂದು ಹೋಗಿದೆ. ಶೇಂಗಾ ಹುರಿದು ಸಿಪ್ಪೆ ತೆಗೆದು, ಎಣ್ಣೆ ಬಿಡುವ ತನಕ ರುಬ್ಬು. ಉಪ್ಪು, ಬೆಲ್ಲ ಬೇಡ. ಅಂಟಂಟಾದ ಉಂಡೆ ಆಗುತ್ತದೆ. ಕುದಿಸಿದ ಗೆಣಸೂ ಆಗುತ್ತದೆ. ಬಿಸಿ ಜೋಳದ ರೊಟ್ಟಿಯ ಮೆತ್ತಗಿನ ಭಾಗ ನಾದಿದರೂ ನಡೆಯುತ್ತದೆ. ಅಂಗಡಿಯ ಶೇಂಗಾ ಬೆಣ್ಣೆ ತರುವುದಾದರೆ ಡಬ್ಬಿ ಓದು. ಕ್ಸೈಲಿಟಾಲ್ ಅಂತ ಇದ್ದರೆ ಮುಟ್ಟಬೇಡ, ಸಕ್ಕರೆ ಬದಲು ಹಾಕುವ ಅದು ನಾಯಿಗೆ ವಿಷ. ಶೇಂಗಾ ಚಟ್ನಿಯೂ ಬೇಡ, ಅದರಲ್ಲಿ ಬೆಳ್ಳುಳ್ಳಿ ಇರುತ್ತದೆ.

ಚಿಕ್ಕ ಉಂಡೆ ನಾಲ್ಕು ಮಾಡು, ಅಗಿಯದೆ ನುಂಗುವಷ್ಟು ಚಿಕ್ಕದು. ಮೊದಲ ಎರಡು ಖಾಲಿ. ಮೂರನೆಯದರಲ್ಲಿ ಗುಳಿಗೆ. ಅದು ಬಾಯಿಗೆ ಹೋಗುವಾಗಲೇ ನಾಲ್ಕನೆಯದು ಅವಳ ಮೂಗಿನ ಮುಂದೆ ಇರಬೇಕು. ಮುಂದಿನದು ಕೈತಪ್ಪೀತು ಅಂತ ಬಾಯಲ್ಲಿರುವುದನ್ನು ಗುಳುಕ್ ಅಂತ ನುಂಗುತ್ತಾಳೆ. ಗುಳಿಗೆ ಮುಟ್ಟಿದ ಕೈಯಿಂದ ಉಂಡೆ ಕಟ್ಟಬೇಡ. ಕೈ ತೊಳೆದುಕೋ, ಇಲ್ಲವೇ ಇನ್ನೊಬ್ಬರು ಕಟ್ಟಲಿ. ನಾಯಿ ಮೂಗಿಗೆ ಆ ವಾಸನೆ ಸಾಕು. ಪುಡಿ ಮಾಡುವುದನ್ನೂ ಬಿಡು. ಈ ಗುಳಿಗೆ ಭಾರೀ ಕಹಿ. ಒಮ್ಮೆ ಅನ್ನದಲ್ಲಿ ಕಹಿ ಸಿಕ್ಕರೆ ಆಮೇಲೆ ಆ ಅನ್ನವನ್ನೇ ನಂಬುವುದಿಲ್ಲ. ಹುಷಾರಿಲ್ಲದ ನಾಯಿ ಊಟ ಬಿಡುವುದು ಜ್ವರಕ್ಕಿಂತ ದೊಡ್ಡ ಚಿಂತೆ ಆಗಬಹುದು.

ಉಂಡೆಗೂ ಬಗ್ಗದಿದ್ದರೆ ಬಾಯಿಗೇ ಹಾಕಬೇಕು. ಮಗನನ್ನು ಸುಮ್ನೆ ಅವಳ ಎದೆ ಹಿಡಿದು ಪಕ್ಕ ಕೂರಿಸು. ನೀನು ಎಡಗೈಯಿಂದ ಮೇಲಿನ ದವಡೆಯನ್ನು ಕೋರೆಹಲ್ಲಿನ ಹಿಂದೆ ಹಿಡಿ. ಬಲಗೈ ಬೆರಳಿಂದ ಕೆಳ ದವಡೆ ಇಳಿಸಿ, ಗುಳಿಗೆಯನ್ನು ನಾಲಿಗೆಯ ಹಿಂಬದಿಗೆ, ನಟ್ಟನಡುವೆ ಇಡು. ಬದಿಗೆ ಬಿದ್ದರೆ ಹೊರಗೆ ಬಂತು ಅಂತಲೇ ಲೆಕ್ಕ. ಬಾಯಿ ಮುಚ್ಚಿ ಗಂಟಲು ಸವರು. ನಾಲಿಗೆ ಚಾಚಿ ಮೂಗು ನೆಕ್ಕಿದರೆ ಹೆಚ್ಚಾಗಿ ನುಂಗಿದಳು ಅಂತಲೇ ಅರ್ಥ. ತಕ್ಷಣ ಒಂದು ತುತ್ತು ತಿನ್ನಿಸು, ನೀರು ಕುಡಿಸು. ಒಣ ಗುಳಿಗೆ ಅನ್ನನಾಳದಲ್ಲಿ ಅಂಟಿ ನಿಂತರೆ ಅಲ್ಲೇ ಸುಡುತ್ತದೆ. ಅವಳು ಗುರ್ ಅಂದರೆ ಅಲ್ಲಿಗೇ ನಿಲ್ಲಿಸು.

ಕೊಟ್ಟ ಮೇಲೆ ವಾಂತಿ ಆದರೆ ನೀನಾಗಿಯೇ ಇನ್ನೊಂದು ಹಾಕಬೇಡ, ಕೇಳಿ ಹಾಕು. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ಕೊಡುವುದೂ ಬೇಡ. ಮತ್ತೆ ಓಡಾಡಲು ಶುರುಮಾಡಿದಳು ಅಂತ ನಡುವೆ ಬಿಡಬೇಡ ತಂಗಿ. ಜ್ವರ ಬೇಗ ಇಳಿಯುತ್ತದೆ, ರೋಗಾಣು ಮೈಯೊಳಗೆ ಇನ್ನೂ ಉಳಿದಿರುತ್ತದೆ. ಅದಕ್ಕೇ 28 ದಿನ.

ಹಾವೇರಿ ಬೆಕ್ಕು

ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ಬೆಕ್ಕಿಗೂ ಡಾಕ್ಸಿಸೈಕ್ಲಿನ್ ಬರೆದಿದ್ದಾರೆ, ನೆಗಡಿಗೆ. ಇದೇ ರೀತಿ ಕೊಡಬಹುದಾ? ನಿನ್ನೆ ಗುಳಿಗೆ ಹಾಕಿದಾಗ ಬಾಯಲ್ಲಿ ನೊರೆ ಬಂತು.

ಗದಗ ಔಷಧ ಅಂಗಡಿ

ನೊರೆ ಸಾಮಾನ್ಯವಾಗಿ ಕಹಿಗೆ ಬರುವುದು. ಗುಳಿಗೆ ನಾಲಿಗೆ ಮೇಲೆ ಕರಗಿದೆ. ಮುಖ ಊದಿದರೆ, ಉಸಿರಿಗೆ ಕಷ್ಟ ಆದರೆ ಮಾತ್ರ ಓಡಬೇಕು. ಬೆಕ್ಕಿನಲ್ಲಿ ಅನ್ನನಾಳದ ಅಪಾಯ ನಾಯಿಗಿಂತ ಜಾಸ್ತಿ. ಒಣಗುಳಿಗೆ ಅಲ್ಲೇ ನಿಂತು ಹುಣ್ಣಾಗಿ, ಆಮೇಲೆ ಅನ್ನನಾಳವೇ ಕಿರಿದಾಗಬಹುದು. ಗುಳಿಗೆಯ ಹಿಂದೆಯೇ 5 ಎಂಎಲ್ ನೀರು, ಸೂಜಿ ತೆಗೆದ ಸಿರಿಂಜಿನಲ್ಲಿ, ಕೆನ್ನೆಯ ಬದಿಯಿಂದ, ಸ್ವಲ್ಪ ಸ್ವಲ್ಪವೇ. ನೀರು ಹಾಕುವಾಗ ತಲೆ ಮೇಲೆತ್ತಬೇಡಿ, ಪುಪ್ಪುಸಕ್ಕೆ ಹೋಗುತ್ತದೆ. ದ್ರವ ರೂಪದ್ದು ಕೊಡಬಹುದಾ ಅಂತ ಡಾಕ್ಟರನ್ನು ಕೇಳಿ, ಬೆಕ್ಕಿಗೆ ಅದೇ ಸಲೀಸು. ಪ್ಯಾರಾಸಿಟಮಾಲ್ ಒಂದೇ ಗುಳಿಗೆ ಬೆಕ್ಕಿನ ಜೀವ ತೆಗೆಯುತ್ತದೆ, ಮನೆಯವರಿಗೆಲ್ಲ ಹೇಳಿಡಿ.

ಕೆಂಚಿ ಮನೆ, ಸಪ್ತಾಪುರ

ಶೇಂಗಾ ಉಂಡೆ ನಡೆಯಿತು ಕಾಕಾ! ಅತ್ತೆಯೇ ರುಬ್ಬಿ ಕೊಟ್ಟರು. ವಾಂತಿ ಆಗಿಲ್ಲ. ಉಣ್ಣಿಗೆ ಬೆನ್ನ ಮೇಲೆ ಬಿಡುವ ಹನಿ ಔಷಧವನ್ನೂ ಕೊಟ್ಟಿದ್ದಾರೆ. ಮನೆಗೆ ಪಕ್ಕದವರ ಬೆಕ್ಕು ಬರುತ್ತದೆ, ತೊಂದರೆ ಇಲ್ಲ ಅಲ್ವಾ?

ಕೇಶ್ವಾಪುರ ಕಾಕಾ

ಡಬ್ಬಿಯಲ್ಲಿ ಪರ್ಮೆಥ್ರಿನ್ ಅಂತ ಇದೆಯಾ ನೋಡು. ಇದ್ದರೆ ಬೆಕ್ಕಿಗೆ ವಿಷ. ಹನಿ ಒಣಗುವ ತನಕ ಬೆಕ್ಕನ್ನು ಕೆಂಚಿಯ ಹತ್ತಿರ ಬಿಡಬೇಡ. ಅದೇ ಹನಿಯನ್ನು ಬೆಕ್ಕಿಗೆ ಯಾವತ್ತೂ ಹಾಕಬೇಡಿ ಅಂತ ಪಕ್ಕದವರಿಗೂ ಹೇಳು. ಮತ್ತೆ ಕೆಂಚಿ ಮಲಗುವ ಕಡೆ ಗೋಡೆಯ ಬಿರುಕು, ಬಾಗಿಲ ಸಂದಿ ನೋಡು. ಈ ಉಣ್ಣಿ ಅಲ್ಲೇ ಮೊಟ್ಟೆ ಇಡುತ್ತದೆ. ಬಿರುಕಿಗೆ ಸಿಮೆಂಟ್ ಮೆತ್ತಿಸು, ಅವಳ ಹಾಸಿಗೆ ಕುದಿಯುವ ನೀರಲ್ಲಿ ಒಗೆ. ನಾಳೆಯ ರಿಪೋರ್ಟ್ ಬಂದ ಮೇಲೆ ಪ್ಲೇಟ್‌ಲೆಟ್ ಎಷ್ಟಿದೆ ಅಂತ ಇಲ್ಲೇ ಬರೆ.