ಅಪ್‌ಡೇಟ್: ಪ್ರಬಂಧದ ಅಧ್ಯಾಯವನ್ನು ಜರ್ನಲ್ ಲೇಖನವಾಗಿಸುವ ಬಗ್ಗೆ

ನನ್ನ ಪಿಎಚ್‌.ಡಿ. ಪ್ರಬಂಧದ ಒಂದು ಅಧ್ಯಾಯವನ್ನು ಜರ್ನಲ್‌ಗೆ ಕಳುಹಿಸಬಹುದಾದ ಲೇಖನವಾಗಿ ಬರೆಯಲು ಎಲ್ಲಿಂದ ಆರಂಭಿಸಬೇಕೆಂದು ಈ ಹಿಂದೆ ಕೇಳಿದ್ದೆ. ಪೀಠಿಕೆಯನ್ನು ಬದಿಗಿಟ್ಟು ಕೋಷ್ಟಕ ಮತ್ತು ಚಿತ್ರಗಳಿಂದ ಆರಂಭಿಸಿ ಎಂದು ಹಲವರು ಹೇಳಿದ್ದರು. ಅದರಂತೆ ಬರೆದ ಲೇಖನವೀಗ ಸಂಪಾದಕರ ಮೊದಲ ಪರಿಶೀಲನೆಯನ್ನು ದಾಟಿ ವಿಷಯತಜ್ಞರ ಬಳಿಗೆ ಹೋಗಿದೆ.

ಫಲಿತಾಂಶದ ಕೋಷ್ಟಕಗಳು ಮೊದಲೇ ಕಣ್ಣೆದುರಿಗಿದ್ದುದರಿಂದ, ವಿಧಾನವನ್ನು ಎಷ್ಟು ವಿವರಿಸಬೇಕು, ಯಾವ ಪೂರ್ವಾಧ್ಯಯನಗಳನ್ನು ಪೀಠಿಕೆಯಲ್ಲಿ ಉಳಿಸಿಕೊಳ್ಳಬೇಕು ಎಂಬುದನ್ನು ಅವೇ ನಿರ್ಧರಿಸಿದವು. ಪ್ರಬಂಧವು ವಿಷಯದ ವಿಸ್ತಾರವಾದ ಪರಿಚಯವನ್ನು ಬೇಡುತ್ತದೆ. ಲೇಖನಕ್ಕಾದರೋ ಒಂದು ಸ್ಪಷ್ಟ ಪ್ರಶ್ನೆ, ದೊರೆತ ಉತ್ತರ ಮತ್ತು ಆ ಉತ್ತರವನ್ನು ನಂಬಲು ಬೇಕಾದ ಆಧಾರ ಮುಖ್ಯ. ಎಲ್ಲಕ್ಕಿಂತ ಹೆಚ್ಚು ಶ್ರಮ ಬೇಡಿದ್ದು ಚರ್ಚೆಯ ಭಾಗ. ಫಲಿತಾಂಶವನ್ನೇ ಬೇರೆ ಮಾತುಗಳಲ್ಲಿ ಪುನಃ ಹೇಳದೆ, ಅದು ಹಿಂದಿನ ಅಧ್ಯಯನಗಳೊಂದಿಗೆ ಎಲ್ಲಿ ಹೊಂದುತ್ತದೆ, ಎಲ್ಲಿ ಭಿನ್ನವಾಗುತ್ತದೆ, ಆ ಭಿನ್ನತೆಗೆ ಮಾದರಿಯ ಗಾತ್ರ ಕಾರಣವೋ ಅಳತೆಯ ಕ್ರಮ ಕಾರಣವೋ ಎಂದು ವಿವೇಚಿಸಿದಾಗಲೇ ಆ ಭಾಗಕ್ಕೆ ತೂಕ ಬರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಾರಾಂಶವನ್ನು ಕೊನೆಯಲ್ಲಿ ಬರೆದೆ.

ಜರ್ನಲ್‌ನ ಆಯ್ಕೆಗೆ ಅದರ ಉದ್ದೇಶ ಮತ್ತು ವ್ಯಾಪ್ತಿಯ ಪುಟವನ್ನೂ ಇತ್ತೀಚಿನ ಸಂಚಿಕೆಗಳನ್ನೂ ಓದಿದ್ದು ನೆರವಾಯಿತು. ಯಾರು ಬೇಕಾದರೂ ಉಚಿತವಾಗಿ ಓದಬಹುದಾದ ಮುಕ್ತ ಪ್ರವೇಶದ ಜರ್ನಲ್ ಆಗಿದ್ದರೆ, ಅಂಥ ಜರ್ನಲ್‌ಗಳನ್ನು ಪಟ್ಟಿ ಮಾಡುವ ಡಿಒಎಜೆ (ಡೈರೆಕ್ಟರಿ ಆಫ್ ಓಪನ್ ಆಕ್ಸೆಸ್ ಜರ್ನಲ್ಸ್) ಸೂಚಿಯಲ್ಲಿ ಅದರ ಹೆಸರಿದೆಯೇ ಎಂದು ನೋಡುವುದು ಒಳ್ಳೆಯದು. ವ್ಯವಸ್ಥಿತ ಸಾಹಿತ್ಯ ವಿಮರ್ಶೆ (ಒಂದು ಪ್ರಶ್ನೆಯ ಕುರಿತ ಹಿಂದಿನ ಅಧ್ಯಯನಗಳನ್ನು ನಿಗದಿತ ಕ್ರಮದಲ್ಲಿ ಹುಡುಕಿ ಪರಿಶೀಲಿಸುವ ಬರಹ) ಬರೆಯುವವರು, ಅಂಥ ವಿಮರ್ಶೆಗಳ ವರದಿಗೆಂದೇ ಇರುವ ಮಾರ್ಗಸೂಚಿಯಾದ ಪ್ರಿಸ್ಮಾ 2020ರ 27 ಅಂಶಗಳ ತಪಾಸಣಾ ಪಟ್ಟಿಯನ್ನು ಬರವಣಿಗೆಗೂ ಮೊದಲೇ ತೆರೆದಿಟ್ಟುಕೊಳ್ಳಲಿ.

ತಜ್ಞರ ಅಭಿಪ್ರಾಯಗಳು ಬಂದ ಮೇಲೆ, ಪ್ರತಿಯೊಂದಕ್ಕೂ ಬಿಡಿಬಿಡಿಯಾಗಿ ಉತ್ತರಿಸುವ ಪತ್ರವನ್ನು ಸಿದ್ಧಪಡಿಸಲಿದ್ದೇನೆ.